ಪೊಟ್ಟಣದ ಬಣ್ಣ ನಂಬಬೇಡಿ: ಶುಗರ್ ನುಗ್ಗದಂತೆ ಧಾನ್ಯ ತಿನ್ನುವುದು ಹೇಗೆ?

ಸಕ್ಕರೆ ಬಿಟ್ಟೆ, ಸಿಹಿ ಮುಟ್ಟುತ್ತಿಲ್ಲ, ಆದರೂ ಊಟವಾದ ಮೇಲೆ ಶುಗರ್ ಏರುತ್ತದೆ ಎಂದು ಗೊಣಗುವವರು ತಟ್ಟೆಯಲ್ಲಿರುವ ಧಾನ್ಯದ ಕಡೆ ನೋಡುವುದು ಕಡಿಮೆ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಅದರಿಂದಾದ ಬ್ರೆಡ್ಡು ನಾಲಿಗೆಗೆ ಸಿಹಿ ಎನಿಸದಿದ್ದರೂ ಕರುಳಿನಲ್ಲಿ ಗ್ಲುಕೋಸ್ ಆಗಿಯೇ ರಕ್ತ ಸೇರುತ್ತವೆ.

ಒಂದು ಗೋಧಿ ಕಾಳು ತೆಗೆದುಕೊಳ್ಳಿ. ಹೊರಗಿನ ತೌಡಿನಲ್ಲಿ ನಾರು, ಬಿ ಗುಂಪಿನ ವಿಟಮಿನ್, ಮೆಗ್ನೀಸಿಯಂ ಇರುತ್ತವೆ. ಒಂದು ತುದಿಯಲ್ಲಿ ಮೊಳಕೆಯೊಡೆಯುವ ಪುಟ್ಟ ಭಾಗ, ಅದರಲ್ಲಿ ಎಣ್ಣೆ ಮತ್ತು ವಿಟಮಿನ್ ಇ. ಉಳಿದದ್ದು ಬಹುಪಾಲು ಪಿಷ್ಟ. ಮೈದಾ ಮಾಡುವಾಗ ಗಿರಣಿಯಲ್ಲಿ ಮೊದಲೆರಡನ್ನೂ ತೆಗೆದುಬಿಡುತ್ತಾರೆ. ಎಣ್ಣೆಯಂಶ ಹೋದ ಹಿಟ್ಟು ಬೇಗ ಕಮಟುವುದಿಲ್ಲ, ವ್ಯಾಪಾರಕ್ಕೆ ಅನುಕೂಲ. ತಿನ್ನುವವರಿಗೆ? 1890ರ ದಶಕದಲ್ಲಿ ಜಾವಾದಲ್ಲಿ ಕ್ರಿಶ್ಚಿಯಾನ್ ಐಕ್ಮನ್ ಎಂಬ ವೈದ್ಯರು, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ (ವಿಟಮಿನ್ ಬಿ1 ಕೊರತೆಯಿಂದ ನರಗಳು ಸೋಲುವ) ಕಾಯಿಲೆ ಬರುವುದನ್ನೂ ತೌಡಿರುವ ಅಕ್ಕಿ ಹಾಕಿದರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಅವರಿಗೆ 1929ರಲ್ಲಿ ನೊಬೆಲ್ ಬಂತು.

ಶುಗರ್ ವಿಷಯಕ್ಕೆ ಬಂದರೆ, ನಾರಿಲ್ಲದ ನುಣುಪು ಪಿಷ್ಟವನ್ನು ಜೀರ್ಣರಸ ಬೇಗ ಒಡೆಯುತ್ತದೆ. ಗ್ಲುಕೋಸ್ ಒಮ್ಮೆಲೇ ನುಗ್ಗಿದಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ವಾರಕ್ಕೆ ಐದು ಬಾರಿ ಅಥವಾ ಹೆಚ್ಚು ಬಿಳಿ ಅನ್ನ ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಅಪಾಯ, ತಿಂಗಳಿಗೊಮ್ಮೆಯೂ ತಿನ್ನದವರಿಗಿಂತ ಶೇ 17ರಷ್ಟು ಹೆಚ್ಚಿತ್ತು. ಇದು ನಂಟು ಮಾತ್ರ. ಅನ್ನವೇ ರೋಗ ತಂದಿತು ಎಂದು ಇದರಿಂದ ಹೇಳಲಾಗದು.

ಮೊದಲು ಪೊಟ್ಟಣ ತಿರುಗಿಸಿ

ಮುಂಭಾಗದ ಕಂದು ಚಿತ್ರ, ‘ಮಲ್ಟಿಗ್ರೇನ್’ ಎಂಬ ದಪ್ಪಕ್ಷರ ಬಿಟ್ಟುಬಿಡಿ. ಹಲವು ಧಾನ್ಯ ಬೆರೆಸಿ ಎಲ್ಲದರ ತೌಡೂ ತೆಗೆದಿರಬಹುದು, ಬ್ರೆಡ್ಡಿನ ಕಂದು ಬಣ್ಣ ಕ್ಯಾರಮೆಲ್‌ನಿಂದಲೂ ಬಂದಿರಬಹುದು. ಹಿಂದಿನ ಸಣ್ಣಕ್ಷರದಲ್ಲಿ ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಮೊದಲ ಹೆಸರೇ ‘ಸಂಸ್ಕರಿಸಿದ ಗೋಧಿ ಹಿಟ್ಟು’ ಎಂದಿದ್ದರೆ ಅದು ಮೈದಾ. ನಂತರ ಒಂದು ಸುಲಭ ಲೆಕ್ಕ: ಕಾರ್ಬೊಹೈಡ್ರೇಟ್ ಗ್ರಾಂ ಅನ್ನು ಹತ್ತರಿಂದ ಭಾಗಿಸಿ. ನಾರಿನಂಶ ಅಷ್ಟಾದರೂ ಇರಬೇಕು. 70 ಗ್ರಾಂಗೆ 7. ಎರಡೋ ಮೂರೋ ಇದ್ದರೆ ವಾಪಸ್ ಇಡಿ.

ಆಮೇಲೆ ರುಬ್ಬಿದ್ದೆಷ್ಟು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ಶುದ್ಧ ಗ್ಲುಕೋಸನ್ನು 100 ಎಂದಿಟ್ಟುಕೊಂಡು, ಒಂದು ಆಹಾರ ಶುಗರನ್ನು ಎಷ್ಟು ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್‌ನಲ್ಲಿ ಬಿಳಿ ಬ್ರೆಡ್ ಸುಮಾರು 75. ಇಡೀ ಗೋಧಿಯ ಬ್ರೆಡ್? ಅದೂ ಸುಮಾರು 74! ತೌಡು ಉಳಿಸಿದರೂ ನುಣ್ಣಗೆ ಬೀಸಿದರೆ ಪಿಷ್ಟ ಬೇಗ ಕರಗುತ್ತದೆ. ಅವಲಕ್ಕಿಯಂತೆ ಒತ್ತಿದ ಓಟ್ಸ್ ಗಂಜಿ 55ರ ಆಸುಪಾಸು, ದಿಢೀರ್ ಓಟ್ಸ್ 79. ಬಾರ್ಲಿ ಕಾಳು ಬೇಯಿಸಿದರೆ 28ರಷ್ಟೇ. ಇಡೀ ಗೋಧಿ ಹಿಟ್ಟಿನಲ್ಲಿ ನಾರು, ವಿಟಮಿನ್ ಹೆಚ್ಚು ಎನ್ನುವುದು ನಿಜ, ಆದರೆ ಶುಗರ್ ಹಿಡಿತಕ್ಕೆ ಕಾಳು, ನುಚ್ಚು, ದಪ್ಪ ತರಿಯೇ ವಾಸಿ.

ಅರ್ಧ ಬದಲಿಸಿ

ಒಂದೇ ದಿನ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸಿ ವಾರದೊಳಗೆ ಹಳೆಯದಕ್ಕೇ ಮರಳುತ್ತೀರಿ. ಅರ್ಧ ಬಿಳಿ, ಅರ್ಧ ಇಡೀ ಧಾನ್ಯ ಸಾಕು. ನೀರು ಹೆಚ್ಚು ಕುಡಿಯಿರಿ. ಪ್ರಮಾಣ ಮಾತ್ರ ಮರೆಯಬೇಡಿ. ಪಾಲಿಶ್ ಮಾಡದ ಅಕ್ಕಿಯ ಅನ್ನವನ್ನು ಎರಡು ಪಟ್ಟು ಬಡಿಸಿಕೊಂಡರೆ ಲಾಭವೇನೂ ಉಳಿಯದು.

ಊಟದಲ್ಲಿ ತರಕಾರಿ, ಬೇಳೆ, ಮೊಟ್ಟೆಯಂಥವು ಮೊದಲು, ಅನ್ನ ಅಥವಾ ಬ್ರೆಡ್ ಕೊನೆಗೆ. ಈ ಕ್ರಮದಿಂದಲೇ ಏರಿಕೆ ತಗ್ಗುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಗ್ಲುಕೋಸನ್ನು ಬಳಸಿಕೊಳ್ಳುತ್ತವೆ.

ಗ್ಲುಕೋಮೀಟರ್ ಇದ್ದರೆ

ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ತಿಂದ ಎರಡು ಗಂಟೆಗೆ ಇನ್ನೊಮ್ಮೆ ಅಳೆಯಿರಿ. ಒಂದು ದಿನ ಬಿಳಿ ಅನ್ನ, ಮರುದಿನ ಅಷ್ಟೇ ಪ್ರಮಾಣದ ಇಡೀ ಧಾನ್ಯ. ಜೊತೆಗಿನ ಪದಾರ್ಥ ಅದೇ ಇರಲಿ. ಒಬ್ಬರಿಗೆ ಏರಿದ್ದು ಇನ್ನೊಬ್ಬರಿಗೆ ಏರದೆಯೂ ಇರಬಹುದು, ಹಾಗಾಗಿ ಯಾವ ಪಟ್ಟಿಗಿಂತಲೂ ನಿಮ್ಮ ಬೆರಳಿನ ಲೆಕ್ಕ ಹೆಚ್ಚು ಉಪಯೋಗಿ.

ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಧಾನ್ಯ ಕಡಿತಗೊಳಿಸುವ ಮೊದಲೇ ವೈದ್ಯರಿಗೆ ತಿಳಿಸಿ, ಇಲ್ಲವಾದರೆ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದೀತು. ಮೂತ್ರಪಿಂಡದ ತೊಂದರೆ ಇರುವವರೂ ಕೇಳಿಯೇ ಮುಂದುವರಿಯಲಿ, ತೌಡಿನಲ್ಲಿ ರಂಜಕ, ಪೊಟ್ಯಾಸಿಯಂ ಹೆಚ್ಚು.