ಒಪ್ಪಿದ ಸಂಬಳಕ್ಕಿಂತ ಕಡಿಮೆ ಬರುತ್ತಿತ್ತು: ಸರಿಹೋದದ್ದು ಹೀಗೆ

ನೇಮಕಾತಿ ಪತ್ರದಲ್ಲಿ ತಿಂಗಳ ಸಂಬಳ 18,000 ರೂಪಾಯಿ, ಅದರಲ್ಲಿ ಮೂಲವೇತನ 15,000. ಖಾತೆಗೆ ಬೀಳುತ್ತಿದ್ದದ್ದು 13,680. ಏಳು ತಿಂಗಳು ಹೀಗೇ.

ಬಾಯಿಮಾತಲ್ಲಿ ಕೇಳಿದರೆ "ಮುಂದಿನ ತಿಂಗಳು ಸೇರಿಸ್ತೀವಿ" ಎಂಬ ಉತ್ತರ. ವಾಟ್ಸಾಪ್‌ನಲ್ಲೂ ಅದೇ. "ಸಂಬಳ ಕಡಿಮೆ ಕೊಡುತ್ತಿದ್ದಾರೆ" ಎಂದಷ್ಟೇ ಬರೆದ ದೂರು ಲೆಕ್ಕವಿಲ್ಲದ್ದರಿಂದ ಮುಂದೆ ಹೋಗಲಿಲ್ಲ.

ದಾರಿ ಸಿಕ್ಕಿದ್ದು ಪೇ ಸ್ಲಿಪ್ಪನ್ನು ಸಾಲು ಸಾಲಾಗಿ ಓದಿದಾಗ. ನೌಕರನ ಪಾಲಿನ ಪಿಎಫ್ (ಭವಿಷ್ಯ ನಿಧಿ) ಮೂಲವೇತನದ ಶೇ 12, ಅಂದರೆ 1,800. ಇಎಸ್‌ಐ (ನೌಕರರ ರಾಜ್ಯ ವಿಮೆ) ಪೂರ್ತಿ ಸಂಬಳದ ಶೇ 0.75, ಅಂದರೆ 135. ಕೈಗೆ 16,065 ಬರಬೇಕು. ಆದರೆ ಸ್ಲಿಪ್ಪಿನಲ್ಲಿ ಪಿಎಫ್ ಎರಡು ಸಲ ಇತ್ತು: ಮಾಲೀಕರ ಪಾಲಿನ 1,800, ಜೊತೆಗೆ ಅವರ ಇಎಸ್‌ಐ ಶೇ 3.25, ಅಂದರೆ 585, ಇವನ್ನೂ ಸಂಬಳದಿಂದಲೇ ಮುರಿದಿದ್ದರು. ಮಾಲೀಕರ ಪಾಲನ್ನು ಹಾಗೆ ಮುರಿಯುವಂತಿಲ್ಲ, ಒಪ್ಪಂದದಲ್ಲಿ ಬರೆಸಿಕೊಂಡಿದ್ದರೂ. ಪತ್ರದಲ್ಲಿ "ಸಿಟಿಸಿ 18,000" (ಮಾಲೀಕರ ಪಾಲೂ ಸೇರಿ ನೌಕರನಿಗಾಗುವ ಒಟ್ಟು ಖರ್ಚು) ಎಂದಿದ್ದರೆ ಮಾತ್ರ ಲೆಕ್ಕವೇ ಬೇರೆ. ಮೊದಲು ಆ ಪದ ಇದೆಯೇ ನೋಡಿ.

ಆಮೇಲೆ ಒಂದೇ ಹಾಳೆಯ ಕೋಷ್ಟಕ: ತಿಂಗಳು, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ. ತಿಂಗಳಿಗೆ 2,385, ಏಳು ತಿಂಗಳಿಗೆ 16,695. ಜೊತೆಗೆ ನೇಮಕಾತಿ ಪತ್ರ, ಏಳೂ ಸ್ಲಿಪ್, ಸಂಬಳದ ಸಾಲುಗಳಿಗೆ ಗುರುತು ಹಾಕಿದ ಪಾಸ್‌ಬುಕ್ ಪ್ರತಿ. ಇದನ್ನು 15 ದಿನದ ಗಡುವಿಟ್ಟು ಮಾಲೀಕರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಂಡು, ಗಡುವು ಮುಗಿದ ಮೇಲೆ ಅದೇ ಕಟ್ಟನ್ನು ಕಾರ್ಮಿಕ ನಿರೀಕ್ಷಕರಿಗೆ ಕೊಡಬೇಕು. ಸ್ವೀಕೃತಿಯ ಮೊಹರು ಬೀಳದೆ ಅಲ್ಲಿಂದ ಏಳಬೇಡಿ. ಎರಡೂ ಕಡೆಯವರನ್ನು ಕೂರಿಸಿದ ದಿನ ಕೋಷ್ಟಕದ ಮೇಲೆಯೇ ಮಾತು ನಡೆದು ಬಾಕಿ ಒಪ್ಪಿಗೆಯಾಯಿತು.

"ಪೂರ್ಣ ಬಾಕಿ ಸಂದಿದೆ" ಎಂಬ ಕಾಗದಕ್ಕೆ ಹಣ ಖಾತೆಗೆ ಬಿದ್ದ ಮೇಲಷ್ಟೇ ಸಹಿ ಹಾಕಿ.