ಸಣ್ಣ ಬಿರುಕಿನ ಜಾಡು: ಅಸಿಟೇಟ್ ಅಚ್ಚು ತೆಗೆದು ಅಳೆಯುವ ಬಗೆ

ಮತ್ತೆಮತ್ತೆ ಭಾರ ಬೀಳುವ ಲೋಹದಲ್ಲಿ ಬಿರುಕು ಹುಟ್ಟಿ ಬೆಳೆಯುತ್ತದೆ. ಉದ್ದ ಬಿರುಕಿಗೆ, ಬೆಳೆಯುವ ವೇಗವನ್ನು ಡೆಲ್ಟಾ ಕೆಯಿಂದ (ಪ್ರತಿ ಸೈಕಲ್‌ನಲ್ಲಿ ಬಿರುಕಿನ ತುದಿಯ ಒತ್ತಡ-ತೀವ್ರತೆ ಏರಿಳಿಯುವ ಪ್ರಮಾಣ) ಹೇಳುವ ಪ್ಯಾರಿಸ್ ನಿಯಮ ಸಾಕು. ಒಂದೆರಡು ಗ್ರೇನ್‌ನಷ್ಟೇ (ಗ್ರೇನ್ ಎಂದರೆ ಲೋಹದೊಳಗಿನ ಪುಟ್ಟ ಹರಳು) ಇರುವ ಬಿರುಕಿನಲ್ಲಿ ಅದು ಕೈಕೊಡುತ್ತದೆ. ಅದೇ ಡೆಲ್ಟಾ ಕೆ ಇದ್ದರೂ ಸಣ್ಣ ಬಿರುಕು ಹೆಚ್ಚು ವೇಗವಾಗಿ ಓಡುತ್ತದೆ, ಗ್ರೇನ್ ಗಡಿ ಸಿಕ್ಕಾಗ ತಡವರಿಸುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಈ ವೇಗವನ್ನು ಪಿಯರ್ಸನ್ 1975ರಲ್ಲೇ ತೋರಿಸಿದ್ದರು. ಗಡಿಯ ತಡವರಿಕೆಯನ್ನು ಹಿಡಿಯಲು ನಾನು ಅಸಿಟೇಟ್ ಟೇಪನ್ನೇ (ಅಸಿಟೋನ್‌ನಲ್ಲಿ ಮೆತ್ತಗಾಗಿ ಮೇಲ್ಮೈಯ ಅಚ್ಚು ಹಿಡಿಯುವ ತೆಳು ಪ್ಲಾಸ್ಟಿಕ್) ನಂಬಿದ್ದೇನೆ.

ಮೊದಲು ಮೇಲ್ಮೈ. 1 ಮೈಕ್ರಾನ್ ವಜ್ರದ ಪೇಸ್ಟ್‌ವರೆಗೆ ಉಜ್ಜಿ, ಆಮೇಲೆ ಎಲೆಕ್ಟ್ರೋಪಾಲಿಶ್ (ವಿದ್ಯುತ್ತಿನಿಂದ ಮೇಲ್ಪದರ ಕರಗಿಸುವುದು) ಮಾಡುತ್ತೇನೆ. ಉಜ್ಜಿದ ಪದರದಲ್ಲಿ ಉಳಿದ ಒತ್ತಡ ಹೋಗದಿದ್ದರೆ ಬಿರುಕು ಹುಟ್ಟುವುದೇ ತಡವಾಗುತ್ತದೆ. ಗ್ರೇನ್ ಗಡಿ ಕಾಣಲು ಎಚಿಂಗ್ (ರಾಸಾಯನಿಕದಿಂದ ಮೇಲ್ಮೈ ಕೊರೆಯುವುದು) ಬೇಕು, ಆದರೆ ತೆಳುವಾಗಿ. ಆಳವಾದರೆ ಆ ಗೀರಿನಲ್ಲೇ ಬಿರುಕು ಏಳುತ್ತದೆ.

ಮಾದರಿಗೆ ಮತ್ತೆಮತ್ತೆ ಭಾರ ಹಾಕುವ ಯಂತ್ರವನ್ನು ಆಗಾಗ ನಿಲ್ಲಿಸಿ, ಬಿರುಕು ಬಾಯಿ ತೆರೆದಿರುವಂತೆ ಗರಿಷ್ಠ ಭಾರದ ಸುಮಾರು 80% ಎಳೆತದಲ್ಲಿ ಹಿಡಿದಿಡುತ್ತೇನೆ. ಒಂದು ಹನಿ ಅಸಿಟೋನ್, ಅದರ ಮೇಲೆ ತೆಳು ಟೇಪ್. ಒತ್ತಬಾರದು, ತಾನೇ ಅಂಟಿಕೊಳ್ಳುತ್ತದೆ. ಅಸಿಟೋನ್ ಜಾಸ್ತಿಯಾದರೆ ಟೇಪ್ ಸುಕ್ಕಾಗುತ್ತದೆ, ಕಡಿಮೆಯಾದರೆ ಗಾಳಿಗುಳ್ಳೆ. ಪೂರ್ತಿ ಒಣಗಿದ ಮೇಲೆ ಬಿಡಿಸಿ, ಗಾಜಿನ ಸ್ಲೈಡ್‌ಗೆ ಅಂಟಿಸಿ, ಸೈಕಲ್ ಸಂಖ್ಯೆಯನ್ನು ಆಗಲೇ ಬರೆಯಬೇಕು. ಅಚ್ಚಿನಲ್ಲಿ ಎಡ-ಬಲ ಅದಲುಬದಲು. ಇದನ್ನು ಮರೆತು ಗ್ರೇನ್ ನಕ್ಷೆಗೆ ಹೊಂದಿಸಲು ಹೋದರೆ ಏನೂ ಕೂಡುವುದಿಲ್ಲ. ಒಣಗುವಾಗ ಟೇಪ್ ಕುಗ್ಗುವುದರಿಂದ, ಬಿರುಕು ಏಳುವ ಜಾಗದಿಂದ ದೂರ ಗಡಸುತನ ಅಳೆಯುವ ಮೊನೆಯಿಂದ ಎರಡು ಹಾರ್ಡ್‌ನೆಸ್ ಗುರುತು ಒತ್ತಿಟ್ಟು ಅಳತೆ ಸರಿಪಡಿಸುತ್ತೇನೆ.

ಓದುವುದು ಕೊನೆಯಿಂದ ಮೊದಲಿಗೆ: ಕೊನೆಯ ಅಚ್ಚಿನಲ್ಲಿ ಬಿರುಕು ಹುಡುಕಿ, ಅದೇ ಜಾಗವನ್ನು ಹಳೆಯ ಅಚ್ಚುಗಳಲ್ಲಿ ನೋಡುತ್ತಾ ಹೋಗಬೇಕು. ಮೊದಲಿನಿಂದ ಹುಡುಕಿದರೆ ಪ್ರತಿ ಗೀರೂ ಬಿರುಕೇ!

ಅಚ್ಚುಗಳ ಅಂತರ ಎಲ್ಲಕ್ಕಿಂತ ಸೂಕ್ಷ್ಮ. ಗ್ರೇನ್ 40 ಮೈಕ್ರಾನ್ ಇದ್ದು, ಅಳತೆಯ ತಪ್ಪು 1 ಮೈಕ್ರಾನ್ ಆದರೆ, ಬಿರುಕು ಬೆಳೆದ ಪ್ರತಿ 10 ಮೈಕ್ರಾನ್‌ಗೊಂದು ಅಚ್ಚು ಸರಿ. 2 ಮೈಕ್ರಾನ್‌ಗೊಂದು ತೆಗೆದರೆ ವೇಗದ ಏರಿಳಿತವೆಲ್ಲ ಅಳತೆಯ ತಪ್ಪೇ. 40ಕ್ಕೊಂದಾದರೆ ಗಡಿಯ ತಡೆ ಮಾಯ. ಬಿರುಕಿನ ಎರಡು ತುದಿಗಳನ್ನೂ ಬೇರೆಬೇರೆ ಬರೆಯುತ್ತೇನೆ. ಒಂದು ಗಡಿಯಲ್ಲಿ ಸಿಕ್ಕಿಬಿದ್ದಾಗ ಇನ್ನೊಂದು ಓಡುತ್ತಿರುತ್ತದೆ, ಸರಾಸರಿ ಹಾಕಿದರೆ ಅದು ಮುಚ್ಚಿಹೋಗುತ್ತದೆ.

ಅರ್ಧವೃತ್ತದ ಬಿರುಕಿಗೆ ಬಿರುಕಿನ ವಿಸ್ತೀರ್ಣದಿಂದ ಡೆಲ್ಟಾ ಕೆ ಲೆಕ್ಕ ಹಾಕುವ ಮುರಕಾಮಿ ಸೂತ್ರ ಬಳಸುತ್ತೇನೆ: ಆಳ 50 ಮೈಕ್ರಾನ್, ಒತ್ತಡದ ವ್ಯಾಪ್ತಿ 400 ಮೆಗಾಪಾಸ್ಕಲ್ ಆದರೆ ಡೆಲ್ಟಾ ಕೆ ಸುಮಾರು 3.6 ಮೆಗಾಪಾಸ್ಕಲ್ ರೂಟ್ ಮೀಟರ್. ಆಳ ಮಾತ್ರ ಊಹೆ. ಮೇಲೆ ನಿಂತ ಬಿರುಕು ಒಳಗೆ ಬೆಳೆಯುತ್ತಿರಬಹುದು. ಉಕ್ಕಾದರೆ ಕಾಯಿಸಿ ಬಿರುಕಿನ ಒಳಮೈಗೆ ಬಣ್ಣ ಬರಿಸಿ, ಆಮೇಲೆ ಮುರಿದು ಆಳ ನೋಡುತ್ತೇನೆ.

ಅಸಿಟೋನ್ ಮತ್ತು ಟೇಪ್ ಬಿರುಕಿನ ವೇಗವನ್ನೇ ಬದಲಿಸಬಲ್ಲವು. ಹಾಗಾಗಿ ಅಚ್ಚು ತೆಗೆಯದ ಒಂದು ಮಾದರಿಯನ್ನೂ ಮುರಿಯುವವರೆಗೆ ಓಡಿಸಿ, ಎರಡರ ಆಯುಷ್ಯ ಹೋಲಿಸುತ್ತೇನೆ.