ಮಳೆಗಾಲದ ಎಡಿಟಿಂಗ್‌ಗೆ ನನ್ನ ಹಳೇ ಲ್ಯಾಪ್‌ಟಾಪ್

ಮದುವೆ ಫೋಟೊ, ವಿಡಿಯೊ ಎಡಿಟಿಂಗ್‌ಗೆ ಅಂತ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ತಗೊಂಡಾಗ ಹಾಸನದ ಸ್ಟುಡಿಯೊ ಗೆಳೆಯರು ನಕ್ಕಿದ್ದೇ ನಕ್ಕಿದ್ದು. ‘ಎಂಟನೇ ಜನರೇಶನ್ ಪ್ರೊಸೆಸರ್ ಇಟ್ಕೊಂಡು ಮದುವೆ ಎಡಿಟ್ ಮಾಡ್ತೀಯಾ? ತೋಟದ ಲೆಕ್ಕ ಬರ್ಕೋ ಹೋಗು’ ಅಂದರು. ಹೋದ ಮಳೆಗಾಲದಲ್ಲಿ ಅದರಲ್ಲೇ ಹನ್ನೊಂದು ಮದುವೆ ಮುಗಿಸಿ ಕೊಟ್ಟೆ. ನಕ್ಕವರಲ್ಲಿ ಇಬ್ಬರು ಈಗ ‘ನಂಗೂ ಒಂದು ನೋಡೋ ಮಾರಾಯ’ ಅಂತ ಫೋನ್ ಮಾಡುತ್ತಿದ್ದಾರೆ.

ನಾನಿರುವುದು ಸಕಲೇಶಪುರದ ಹಾನುಬಾಳು ಕಡೆ. ಏಪ್ರಿಲ್, ಮೇ ಮದುವೆಗಳು ಮುಗಿದು ಎಡಿಟಿಂಗ್‌ಗೆ ಕೂರುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ತೋಟದ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಮರೆತುಬಿಡಬೇಕು.

2020ರಲ್ಲಿ ಸುಮಾರು 82 ಸಾವಿರ ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದೆ. ಐ7-9750ಎಚ್ ಪ್ರೊಸೆಸರ್, ಆರು ಕೋರ್, 45 ವ್ಯಾಟ್. ಪ್ಲಗ್ ಹಾಕಿದರೆ ಕುದುರೆ. ಪ್ಲಗ್ ತೆಗೆದರೆ ಒಂದು ಗಂಟೆ ಹತ್ತು ನಿಮಿಷ, ಅದೂ ಅರ್ಧ ಸ್ಪೀಡಲ್ಲಿ. ಇನ್ವರ್ಟರ್‌ಗೆ ಹಾಕಿ ರೆಂಡರ್ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೊ ಮಾಡುವುದು) ಕೊಟ್ಟರೆ 130 ವ್ಯಾಟ್ ಎಳೆಯುತ್ತಿತ್ತು. ‘ರೀ, ಅಡುಗೆಮನೆ ಲೈಟ್ ಬೇಕೋ, ಆ ಹುಡುಗಿ ಮದುವೆ ಬೇಕೋ, ಒಂದು ಹೇಳಿ’ ಅಂದಳು ಮನೆಯವಳು.

ಹೊಸದು ಕೇಳಿದೆ. ಅಂಗಡಿಯವನು 1 ಲಕ್ಷ 5 ಸಾವಿರ ಅಂದ. ಅದೂ ಎಚ್ ಸರಣಿಯ ಪ್ರೊಸೆಸರೇ, ಅಂದರೆ ಅದೇ ಹೊಟ್ಟೆಬಾಕ. ತಂಗಿ ಮಗ ‘ಮಾವ, ಎಂ1 ಮ್ಯಾಕ್‌ಬುಕ್ ಏರ್ ತಗೊಳ್ಳಿ’ ಅಂದ. ಬ್ಯಾಟರಿ ವಿಷಯದಲ್ಲಿ ಅವನ ಮಾತೇ ಸರಿ, ಫ್ಯಾನೇ ಇಲ್ಲದ ಮಷೀನು. ಆದರೆ ರ‍್ಯಾಮ್ ಆಮೇಲೆ ಹಾಕೋಕೆ ಬರಲ್ಲ. ಹತ್ತು ವರ್ಷದ ನನ್ನ ಆಲ್ಬಂ ಟೆಂಪ್ಲೇಟ್‌ಗಳೆಲ್ಲ ನುಡಿ ಫಾಂಟಲ್ಲಿವೆ. ಮ್ಯಾಕ್‌ಗೆ ಹೋದಾಗ ಅಕ್ಷರ ಕೆಟ್ಟರೆ ಅವನ್ನೆಲ್ಲ ಯಾರು ಹೊಸದಾಗಿ ಟೈಪ್ ಮಾಡುತ್ತಾರೆ?

ಆಗ ಒಂದು ವಾರ ಸುಮ್ನೆ ವ್ಯಾಟ್ ಬರೆದಿಟ್ಟೆ. ಕೆಲಸದ ಹತ್ತು ಗಂಟೆಯಲ್ಲಿ ಪ್ರೊಸೆಸರ್ ನಿಜವಾಗಿ ಬೆವರುವುದು ಎಕ್ಸ್‌ಪೋರ್ಟ್ ಹೊತ್ತಲ್ಲಿ ಮಾತ್ರ, ಒಂದೂವರೆ ಗಂಟೆ ಇರಬಹುದು. ಮಿಕ್ಕಿದ್ದೆಲ್ಲ ಫೋಟೊ ಆರಿಸುವುದು, ಕಟ್ ಮಾಡುವುದು, ಅತ್ತಿಗೆ ಕಣ್ಣು ಮುಚ್ಚಿದ ಫ್ರೇಮ್ ಹುಡುಕುವುದು. ಅದಕ್ಕೆ 45 ವ್ಯಾಟ್ ಯಾಕೆ?

ಹಾಗಾಗಿ ಹಳೇ ಥಿಂಕ್‌ಪ್ಯಾಡ್ ಟಿ480 ಹುಡುಕಿದೆ. ಐ5-8350ಯು ಪ್ರೊಸೆಸರ್, 15 ವ್ಯಾಟ್. ಒಳಗೊಂದು 24 ವ್ಯಾಟ್-ಅವರ್ ಬ್ಯಾಟರಿ, ಹಿಂದೆ ಕಳಚಿ ಹಾಕುವ 72ರದ್ದು. ಆಫ್ ಮಾಡದೆಯೇ ಹಿಂದಿನದನ್ನು ಬದಲಾಯಿಸಬಹುದು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರಲ್ಲೇ ಮುಗಿಯಿತಲ್ಲ, 11 ಹಾಕೋಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಶನ್ನಾದರೂ ಬೇಕು. ಅದಕ್ಕೇ ಏಳನೇ ಜನರೇಶನ್‌ವರೆಗಿನ ಟಿ470 ಅಗ್ಗಕ್ಕೆ ಸಿಕ್ಕರೂ ಬಿಟ್ಟೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 18,500ಕ್ಕೆ ಕುದುರಿತು. ರ‍್ಯಾಮ್, ಎಸ್‌ಎಸ್‌ಡಿಗೆ ಇನ್ನೊಂದು ಆರು ಸಾವಿರ.

ಮೊದಲ ಪೆಟ್ಟು ಬ್ಯಾಟರಿಯಲ್ಲಿ ಬಿತ್ತು. ಬೇರೊಂದು ಕಡೆ 2,600ಕ್ಕೆ ‘ಒರಿಜಿನಲ್ ಸಾರ್’ ಅಂತ ಕೊಟ್ಟರು. ವಿಂಡೋಸ್‌ನ ಬ್ಯಾಟರಿ ರಿಪೋರ್ಟಲ್ಲಿ ಚೆಂದಕ್ಕೆ 72 ತೋರಿಸಿತು. ಮೂರು ವಾರಕ್ಕೆ 31 ಪರ್ಸೆಂಟ್ ಇದ್ದದ್ದು ನೇರ ಸೊನ್ನೆ. ಆ ದುಡ್ಡು ಹೇಮಾವತಿ ಹೊಳೆಗೆ ಹೋಯಿತು ಅಂದುಕೊಂಡೆ. ಆಮೇಲೆ ನಿಜವಾದದ್ದಕ್ಕೆ ಆರೂವರೆ ಸಾವಿರ ಕೊಟ್ಟೆ. ಎಲ್ಲಿ ಅಂತ ಮಾತ್ರ ಕೇಳಬೇಡಿ, ಅವನ ಹತ್ತಿರ ಇರೋದೇ ನಾಲ್ಕೈದು.

ಎರಡನೇ ಪೆಟ್ಟು ವಿಡಿಯೊದ್ದು. ನನ್ನ ಕ್ಯಾಮೆರಾ ಫೂಟೇಜ್ 10 ಬಿಟ್, 4:2:2, ಅಂದರೆ ಬಣ್ಣದ ವಿವರ ಹೆಚ್ಚಿರುವ ಭಾರದ ಫೈಲು. ಎಚ್.265 ಅನ್ನೋ ವಿಧಾನದಲ್ಲಿ ಕುಗ್ಗಿಸಿದ ಇಂಥ ವಿಡಿಯೊ ಬಿಡಿಸುವ ಶಕ್ತಿ ಇಂಟೆಲ್ ಗ್ರಾಫಿಕ್ಸ್‌ಗೆ ಬಂದದ್ದೇ ಇದರ ನಂತರದ ಜನರೇಶನ್‌ಗಳಲ್ಲಿ. ಟೈಮ್‌ಲೈನ್ ಮುಟ್ಟಿದರೆ ಫ್ಯಾನ್ ಅರಚುತ್ತಿತ್ತು, ಬ್ಯಾಟರಿ ಎರಡೂವರೆ ಗಂಟೆಗೆ ಖಾಲಿ. ಗೆಳೆಯರು ಹೇಳಿದ್ದೇ ನಿಜವಾಯ್ತಾ ಅನ್ನಿಸಿತು.

ಈಗ ಮದುವೆ ಮುಗಿದ ರಾತ್ರಿಯೇ, ಮಳೆ ಶುರುವಾಗುವ ಮುಂಚೆ, ಗೇಮಿಂಗ್ ಲ್ಯಾಪ್‌ಟಾಪಲ್ಲಿ 720ರ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಹಗುರವಾದ ಸಣ್ಣ ನಕಲು, ಮಾಡಿಡುತ್ತೇನೆ. ಫೋಟೊಗೆ ಲೈಟ್‌ರೂಮ್ ಸಾಫ್ಟ್‌ವೇರಿನ ಸ್ಮಾರ್ಟ್ ಪ್ರಿವ್ಯೂ ಅನ್ನೋ ಸಣ್ಣ ನಕಲೇ ಸಾಕು, ಉದ್ದದ ಕಡೆ 2560 ಪಿಕ್ಸೆಲ್ ಇರುತ್ತದೆ. ಟಿ480ರಲ್ಲಿ ಬ್ಯಾಟರಿ ಮೇಲೆ ಇರುವಾಗ ಪ್ರೊಸೆಸರ್ ಮ್ಯಾಕ್ಸಿಮಮ್ 99 ಪರ್ಸೆಂಟ್ ಮಾಡಿದೆ. ಟರ್ಬೊ, ಅಂದರೆ ಸ್ಪೀಡ್ ತಾನಾಗೇ ಏರುವುದು, ಬಂದ್. 3.6 ಗಿಗಾಹರ್ಟ್ಸ್‌ಗೆ ಹಾರುತ್ತಿದ್ದದ್ದು 1.7ರ ಆಸುಪಾಸು ತೆಪ್ಪಗೆ ಕೂರುತ್ತದೆ. ಪ್ರಾಕ್ಸಿ ಇದ್ದರೆ ವ್ಯತ್ಯಾಸವೇ ಗೊತ್ತಾಗಲ್ಲ. 12 ವ್ಯಾಟ್ ಒಳಗೇ ಓಡುತ್ತದೆ. ಏಳು ಗಂಟೆ ಆರಾಮ, ಬ್ರೈಟ್‌ನೆಸ್ ಇಳಿಸಿದರೆ ಎಂಟು. ಎರಡು ಮಷೀನಿನ ಮಧ್ಯೆ ಪ್ರಾಜೆಕ್ಟ್ ಒಯ್ದರೂ ಮೀಡಿಯಾ ಆಫ್‌ಲೈನ್ (ಫೈಲ್ ಸಿಗುತ್ತಿಲ್ಲ) ಅಂತ ಕೆಂಪಾಗದ ಹಾಗೆ ಮಾಡುವುದು ಹೇಗೆ ಅನ್ನೋದು ನನ್ನ ಗುಟ್ಟು, ಅದು ನನಗೇ ಇರಲಿ.

ಕರೆಂಟ್ ಬಂದ ರಾತ್ರಿ ಮೂರ್ನಾಲ್ಕು ಮದುವೆ ಸಾಲಾಗಿ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗುತ್ತೇನೆ. ಹಾಡು ಹಾಡಿಗೆ ತುಂಡು ಮಾಡಿ ಹಾಕುವುದು ಒಳ್ಳೆಯದು. ಒಮ್ಮೆ ಮುಕ್ಕಾಲು ಗಂಟೆ ರೆಂಡರ್ ಆಗಿ 94 ಪರ್ಸೆಂಟಿಗೆ ನಿಂತಾಗ ಕಲಿತದ್ದು.

ಮಧ್ಯೆ ಒಂದೆರಡು ಹುಚ್ಚಾಟವೂ ಆಯಿತು. ಜೀಪಿನ 12 ವೋಲ್ಟಿಂದ ಯುಎಸ್‌ಬಿ-ಸಿ ಪೋರ್ಟಿಗೆ ಚಾರ್ಜ್ ಮಾಡಿದೆ. ಆಗುತ್ತದೆ, ಆದರೆ ಜೀಪ್ ಸ್ಟಾರ್ಟ್ ಇರಬೇಕು, ಡೀಸೆಲ್ ಲೆಕ್ಕ ಹಾಕಿದರೆ ನಗು ಬರುತ್ತದೆ. ಬ್ಯಾಟರಿ ಉಳಿಸಲು ಪ್ರೊಸೆಸರ್‌ನ ವೋಲ್ಟೇಜ್ ಇಳಿಸಲು ಹೋದೆ, ಬಯಾಸ್ (ಮಷೀನಿನ ಮೂಲ ಸಾಫ್ಟ್‌ವೇರ್) ಬಿಡಲಿಲ್ಲ. ಥಂಡಿಗೆ ಕೀಬೋರ್ಡ್ ಬೆವರುತ್ತದೆ ಅಂತ ರಾತ್ರಿ ಲೆನ್ಸ್ ಇಡುವ ಡ್ರೈ ಬಾಕ್ಸಲ್ಲಿ ಲ್ಯಾಪ್‌ಟಾಪನ್ನೂ ತುರುಕಿದೆ. ಲೆನ್ಸ್‌ಗೇ ಜಾಗ ಸಾಲದೆ ಒಂದು 50 ಎಂಎಂಗೆ ಫಂಗಸ್ ಬಂತು.

ಒಟ್ಟು ಖರ್ಚು, ಹೊಳೆಗೆ ಹೋದದ್ದೂ ಸೇರಿ, 34 ಸಾವಿರದ ಒಳಗೆ. ಮನೆಯಲ್ಲಿದ್ದಾಗ 80 ಪರ್ಸೆಂಟಿಗೇ ಚಾರ್ಜ್ ನಿಲ್ಲಿಸುತ್ತೇನೆ. ಮೊನ್ನೆ ರಿಪೋರ್ಟ್ ತೆಗೆದಾಗ 72ರ ಬ್ಯಾಟರಿ 66 ತೋರಿಸಿತು. ಇನ್ನೊಂದು ತಂದಿಟ್ಟುಕೊಳ್ಳೋಣ ಅಂತ ಆ ಪುಣ್ಯಾತ್ಮನಿಗೆ ಫೋನ್ ಮಾಡಿದ್ದೇನೆ, ಎರಡು ಉಳಿದಿವೆಯಂತೆ.